ಖಾಲಿ ಪೀಠಕ್ಕೆ ಕೈಮುಗಿದವರು

(ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಬಹಳ ಜನ ಗವಿಮಠದ ಅಜ್ಜನ ಜಾತ್ರೆಗೆ ತಪ್ಪದೆ ಹೋಗುವವರು. ತೇರು ನೋಡಿದವರು, ದಾಸೋಹದಲ್ಲಿ ರೊಟ್ಟಿ, ಮಾದ್ಲಿ ಉಂಡವರು. ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಸ್ವಲ್ಪ ದೂರದ ಪಲ್ಕಿಗುಂಡಿನಲ್ಲಿ ಇನ್ನೊಂದು ಇದೆ. ಅಲ್ಲಿ ಬಂಡೆಗಳ ಮೇಲೆ ಒಂದು ದೊಡ್ಡ ಚಪ್ಪಡಿ ಪಲ್ಲಕ್ಕಿಯ ಹಾಗೆ ಕೂತಿದೆ, ಅದರ ನೆರಳಿನಲ್ಲಿ ಅಕ್ಷರ. ಎರಡನ್ನೂ 1931ರಲ್ಲಿ ಬೆಳಕಿಗೆ ತಂದವರು ನಮ್ಮ ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಅದಕ್ಕೂ ಮೊದಲು, 1915ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬಿತ್ತು. ಬೇರೆ ಕಡೆಯ ಶಾಸನಗಳಲ್ಲಿ ಬರೀ 'ದೇವಾನಂಪಿಯ', 'ಪಿಯದಸಿ' ಎಂದಿದ್ದ ರಾಜ ಅಶೋಕನೇ ಎಂದು ಕಲ್ಲಿನಿಂದಲೇ ಖಾತ್ರಿ ಆದದ್ದು ಮಸ್ಕಿಯಲ್ಲಿ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳದಲ್ಲೂ ಅವನ ಹೆಸರು ಸಿಕ್ಕಿತು.

ಈ ಶಾಸನಗಳಲ್ಲಿ ರಾಜ ಹೇಳುವುದರ ಸಾರ ಇಷ್ಟು: ನಾನು ಉಪಾಸಕನಾಗಿ (ಮನೆಯಲ್ಲಿದ್ದೇ ಬುದ್ಧನನ್ನು ಅನುಸರಿಸುವವನಾಗಿ) ಎರಡೂವರೆ ವರ್ಷದ ಮೇಲಾಯಿತು. ಮೊದಲ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ. ಸಂಘದ, ಎಂದರೆ ಬೌದ್ಧ ಭಿಕ್ಷುಗಳ ಹತ್ತಿರ ಹೋದಮೇಲೆ ಚೆನ್ನಾಗಿ ಶ್ರಮ ಪಡುತ್ತಿದ್ದೇನೆ. ಇದು ದೊಡ್ಡವರಿಗಷ್ಟೇ ದಕ್ಕುವ ವಿಷಯವಲ್ಲ, ಸಣ್ಣವರೂ ಮನಸ್ಸಿಟ್ಟು ದುಡಿದರೆ ಪಡೆಯಬಹುದು.

ರಾಜನೊಬ್ಬ ತನ್ನ ಸೋಮಾರಿತನವನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ನನಗೆ ಇದು ಇವತ್ತಿಗೂ ಆಶ್ಚರ್ಯ.

ಆದರೆ ಈ ಬಂಡೆಗಳ ಮೇಲೆ ಅಕ್ಷರ ಮಾತ್ರ ಇದೆ, ಬುದ್ಧನ ಕಥೆಯ ಚಿತ್ರ ಒಂದೂ ಇಲ್ಲ. ಶಿಲ್ಪ ನೋಡಬೇಕು ಅಂದರೆ ನಾವು ಭೀಮಾ ತೀರಕ್ಕೆ ಹೋಗಬೇಕು, ಸನ್ನತಿ, ಕನಗನಹಳ್ಳಿಗೆ. ಇನ್ನೂ ಆಚೆ ಆಂಧ್ರದ ಅಮರಾವತಿ, ಮಧ್ಯಪ್ರದೇಶದ ಸಾಂಚಿ, ಭಾರ್ಹುತ್. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಬೌದ್ಧ ಶಿಲ್ಪದಲ್ಲಿ ಚಕ್ರ ಅಂದರೆ ಇದು, ಮರ ಅಂದರೆ ಅದು ಅಂತ ಬಾಯಿಪಾಠ ಮಾಡಿಕೊಂಡು ನೋಡಲು ಹೋದರೆ ಅರ್ಧ ಮಾತ್ರ ಕಾಣುತ್ತದೆ. ಗುರುತಿನ ಸುತ್ತ ನಿಂತ ಜನರನ್ನು ನೋಡಿ. ಅವರ ಕೈ ಹೇಗಿದೆ, ಮುಖ ಯಾವ ಕಡೆ ತಿರುಗಿದೆ, ಯಾರು ಬಗ್ಗಿದ್ದಾರೆ, ಯಾರು ಏನು ಹಿಡಿದಿದ್ದಾರೆ. ಅರ್ಥ ಅಲ್ಲಿದೆ.

ಯಾರ ಹತ್ತಿರವಾದರೂ ಇನ್ನೂರು ರೂಪಾಯಿ ನೋಟು ಇದ್ದರೆ ತೆಗೆಯಿರಿ. ಹಿಂದೆ ತಿರುಗಿಸಿ. ಅದು ಸಾಂಚಿಯ ಸ್ತೂಪ, ಬೌದ್ಧರು ಪೂಜಿಸುವ ದುಂಡು ದಿಬ್ಬದಂಥ ಕಟ್ಟಡ. 2017ರಲ್ಲಿ ಬಂದ ನೋಟು ಇದು. ಮುಂದಿನ ಕಡೆ ಮೂರು ಸಿಂಹದ ಮುದ್ರೆ ಇದೆ, ಅದು ಸಾರನಾಥದ ಅಶೋಕ ಸ್ತಂಭದ ತಲೆ. ಅಂದರೆ ಒಂದೇ ನೋಟಿನಲ್ಲಿ ಎರಡು ಬೌದ್ಧ ಶಿಲ್ಪ. ಸಾರನಾಥದ ಕಲ್ಲಿನಲ್ಲಿ ಸಿಂಹಗಳು ನಾಲ್ಕು, ಚಿತ್ರದಲ್ಲಿ ಒಂದು ಹಿಂದೆ ಮರೆಯಾಗುತ್ತದೆ. ಸಿಂಹಗಳ ಕೆಳಗಿನ ದುಂಡು ಪಟ್ಟಿಯಲ್ಲಿ ಆನೆ, ಕುದುರೆ, ಎತ್ತು, ಸಿಂಹ ಒಂದರ ಹಿಂದೆ ಒಂದು ನಡೆಯುತ್ತಿವೆ, ನಡುನಡುವೆ ಚಕ್ರ. ಅದರ ಕೆಳಗೆ ದಳಗಳನ್ನು ಕೆಳಗೆ ಬಿಟ್ಟ ಕಮಲ. 1950ರಲ್ಲಿ ರಾಷ್ಟ್ರ ಲಾಂಛನ ಮಾಡಿಕೊಳ್ಳುವಾಗ ಆ ಕಮಲವನ್ನು ಬಿಟ್ಟರು. ಸಿಂಹ ಯಾಕೆ? ಬುದ್ಧನನ್ನು ಶಾಕ್ಯಸಿಂಹ ಎನ್ನುತ್ತಿದ್ದರು, ಅವನ ಉಪದೇಶ ಸಿಂಹದ ಗರ್ಜನೆ. ಚಕ್ರ ಸಾರನಾಥದಲ್ಲಿ ಅವನು ಆಡಿದ ಮೊದಲ ಮಾತುಗಳ ಗುರುತು. ಅದು ನಡೆದದ್ದು ಜಿಂಕೆವನದಲ್ಲಿ. ಹಾಗಾಗಿ ಚಕ್ರದ ಎಡಬಲದಲ್ಲಿ ಎರಡು ಜಿಂಕೆ ಕೂತಿದ್ದರೆ ಅದು ಸಾರನಾಥದ ದೃಶ್ಯ ಎಂದು ತಿಳಿಯಿರಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲಗಿದ ಹೆಂಗಸು, ಮೇಲೆ ಒಂದು ಆನೆ: ಅದು ಮಾಯಾದೇವಿಯ ಕನಸು. ಅರಳಿ ಮರ, ಕೆಳಗೆ ಪೀಠ: ಬೋಧಗಯೆ, ಜ್ಞಾನೋದಯ. ಸ್ತೂಪ: ಪರಿನಿರ್ವಾಣ, ಅಂದರೆ ಬುದ್ಧನ ಸಾವು. ಪಾದದ ಗುರುತು, ಅಂಗಾಲಿನಲ್ಲಿ ಚಕ್ರ: ಬುದ್ಧ ಇಲ್ಲಿ ನಡೆದಿದ್ದಾನೆ, ಇಲ್ಲಿ ನಿಂತಿದ್ದಾನೆ. ಛತ್ರಿ: ರಾಜರಿಗೆ ಸಲ್ಲುವ ಗೌರವ. ಇವು ಬಹುಪಾಲು ಪುಸ್ತಕಗಳಲ್ಲಿ ಸಿಗುತ್ತವೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕ್ರಿಸ್ತಪೂರ್ವ 2ನೇ, 1ನೇ ಶತಮಾನದ ಭಾರ್ಹುತ್, ಸಾಂಚಿಗಳಲ್ಲಿ ಬುದ್ಧನ ಮನುಷ್ಯ ರೂಪವೇ ಇಲ್ಲ. ಯಾಕೆ ಇಲ್ಲ ಎಂದು ವಿದ್ವಾಂಸರು ನೂರು ವರ್ಷದಿಂದ ಜಗಳ ಆಡಿದ್ದಾರೆ. ಫೂಶೆ ಎಂಬ ಫ್ರೆಂಚ್ ವಿದ್ವಾಂಸರು ಮೊದಲ ಬುದ್ಧ ಮೂರ್ತಿ ವಾಯವ್ಯದ ಗಂಧಾರದಲ್ಲಿ (ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ), ಗ್ರೀಕ್ ಶಿಲ್ಪದ ಪ್ರಭಾವದಲ್ಲಿ ಹುಟ್ಟಿತು ಎಂದರು. ಆನಂದ ಕುಮಾರಸ್ವಾಮಿ ಅದನ್ನು ಒಪ್ಪಲಿಲ್ಲ. ಮಥುರೆಯಲ್ಲಿ ನಮ್ಮದೇ ಯಕ್ಷ ಮೂರ್ತಿಗಳ ಪರಂಪರೆಯಿಂದ ಬುದ್ಧ ಮೂರ್ತಿ ಬೆಳೆಯಿತು ಎಂದು 1927ರಲ್ಲಿ ವಾದಿಸಿದರು. ಆಮೇಲೆ ಸೂಸನ್ ಹಂಟಿಂಗ್ಟನ್ ಎಂಬ ಅಮೆರಿಕದ ವಿದುಷಿ ಇನ್ನೊಂದು ಮಾತು ಎತ್ತಿದರು. ಇವುಗಳಲ್ಲಿ ಎಷ್ಟೋ ದೃಶ್ಯಗಳು ಬುದ್ಧನ ಜೀವನ ಕಥೆಯೇ ಅಲ್ಲ, ಅವನು ಹೋದಮೇಲೆ ಜನ ಆ ಜಾಗಗಳಿಗೆ ಯಾತ್ರೆ ಹೋಗಿ ಪೂಜೆ ಮಾಡುತ್ತಿರುವ ಚಿತ್ರಗಳು ಎಂದರು. ಕೆಲವು ಫಲಕಗಳಿಗೆ ಈ ಮಾತು ಸರಿಯಾಗಿ ಹೊಂದುತ್ತದೆ. ಎಲ್ಲಕ್ಕೂ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಭಾರ್ಹುತಿನ ಒಂದು ಕಂಬ ನೋಡಿ. ಅದನ್ನೆಲ್ಲ ಕನ್ನಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಪುರಾತತ್ವಜ್ಞರು 1873ರಲ್ಲಿ ಪತ್ತೆ ಮಾಡಿದರು, ಈಗ ಬಹುಪಾಲು ಕೊಲ್ಕತ್ತದ ಮ್ಯೂಸಿಯಮ್ಮಿನಲ್ಲಿದೆ. ಈ ಫಲಕದಲ್ಲಿ ಒಬ್ಬ ರಾಜ ಆನೆಯ ಮೇಲೆ ಬರುತ್ತಾನೆ. ಜೊತೆಗೆ ಹೆಂಗಸರೂ ಆನೆ ಏರಿ ಬಂದಿದ್ದಾರೆ. ಅದೇ ರಾಜ ಕೆಳಗಿಳಿದು ನಿಂತಿದ್ದಾನೆ. ಅದೇ ರಾಜ ಮತ್ತೆ ಮಂಡಿಯೂರಿ ಕೈಮುಗಿದಿದ್ದಾನೆ. ಒಂದೇ ಚೌಕದೊಳಗೆ ಮೂರು ಹೊತ್ತು. ಅವನು ಕೈಮುಗಿದಿರುವುದು ಒಂದು ಪೀಠಕ್ಕೆ. ಪೀಠದ ಮೇಲೆ ಛತ್ರಿ, ಮುಂದೆ ಎರಡು ಪಾದದ ಗುರುತು. ಕೂತವರು ಯಾರೂ ಇಲ್ಲ. ಆದರೆ ಶಿಲ್ಪಿ ಬ್ರಾಹ್ಮಿ ಲಿಪಿಯಲ್ಲಿ ಒಂದು ಸಾಲು ಕೆತ್ತಿದ್ದಾನೆ: 'ಅಜಾತಸತು ಭಗವತೋ ವಂದತೇ'. ಅಜಾತಶತ್ರು ಭಗವಂತನಿಗೆ ವಂದಿಸುತ್ತಿದ್ದಾನೆ.

ಪೀಠಕ್ಕೆ ವಂದಿಸುತ್ತಿದ್ದಾನೆ ಎಂದು ಬರೆದಿಲ್ಲ ನೋಡಿ. ಭಗವಂತನಿಗೆ ಅಂತಲೇ ಬರೆದಿದೆ. ಅಜಾತಶತ್ರು ಅಪ್ಪನನ್ನು ಕೊಂದು ಪಟ್ಟಕ್ಕೆ ಬಂದವನು. ರಾತ್ರಿ ಹೊತ್ತು ನಿದ್ದೆ ಬಾರದೆ, ಭಯದಲ್ಲಿ ಬುದ್ಧನ ಹತ್ತಿರ ಬಂದ ಕಥೆ ಪಾಲಿ ಗ್ರಂಥಗಳಲ್ಲಿದೆ. ಇದು ಬುದ್ಧ ಬದುಕಿದ್ದಾಗ ನಡೆದ ಭೇಟಿ. ಆ ಫಲಕ ನೋಡುವವನಿಗೆ ಪೀಠ ಖಾಲಿ ಅನ್ನಿಸುತ್ತಲೇ ಇರಲಿಲ್ಲ. ರಾಜನ ಬಗ್ಗಿದ ಬೆನ್ನು ಇದೆ, ಜೋಡಿಸಿದ ಕೈ ಇದೆ. ಅಷ್ಟು ಸಾಕು, ಎದುರಿಗೆ ಯಾರಿದ್ದಾರೆ ಎಂದು ಗೊತ್ತಾಗುತ್ತದೆ.

ಭಾರ್ಹುತಿನಲ್ಲೇ ಇನ್ನೊಂದು ಫಲಕ, ನನಗೆ ತುಂಬ ಇಷ್ಟವಾದದ್ದು. ಅನಾಥಪಿಂಡಿಕ ಎಂಬ ಸಾಹುಕಾರ ಸಂಘಕ್ಕೆ ಜೇತವನ ಕೊಡಿಸಿದ ಕಥೆ. ತೋಟದ ಒಡೆಯ, ನೆಲದ ತುಂಬ ನಾಣ್ಯ ಹಾಸಿದರೆ ಕೊಡುತ್ತೇನೆ ಎಂದನಂತೆ. ಸಾಹುಕಾರ ಹಾಸಿಯೇಬಿಟ್ಟ. ಫಲಕದಲ್ಲಿ ಬಂಡಿ ನಿಂತಿದೆ. ಎತ್ತು ಬಿಚ್ಚಿದ್ದಾರೆ, ಅವು ಪಕ್ಕದಲ್ಲಿ ಮಲಗಿವೆ, ಬಂಡಿಯ ಮೂಕಿ ಮೇಲೆದ್ದಿದೆ. ಆಳುಗಳು ಕೂತು ಚೌಕಾಕಾರದ ನಾಣ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಾರೆ. ಆ ಕಾಲದ ಮುದ್ರೆ ಒತ್ತಿದ ನಾಣ್ಯ ನಿಜವಾಗಿಯೂ ಚೌಕಾಕಾರದಲ್ಲಿ ಇರುತ್ತಿದ್ದವು. ನಡುವೆ ಅನಾಥಪಿಂಡಿಕ ನೀರಿನ ಪಾತ್ರೆ ಹಿಡಿದು ನಿಂತಿದ್ದಾನೆ. ಧಾರೆ ಎರೆಯಲು! ಭೂಮಿ ದಾನ ಕೊಡುವಾಗ, ಮಗಳನ್ನು ಮದುವೆ ಮಾಡಿ ಕೊಡುವಾಗ ನಾವು ಮಾಡುವ ಅದೇ ಧಾರೆ. ಇಲ್ಲೂ ಬುದ್ಧ ಇಲ್ಲ, ಕಟ್ಟೆ ಕಟ್ಟಿದ ಮರ ಇದೆ. ಸಂಕೇತ ಅಂದಕೂಡಲೇ ನಾವು ಚಕ್ರ, ಕಮಲಗಳನ್ನು ಹುಡುಕುತ್ತೇವೆ. ಆ ನೀರಿನ ಪಾತ್ರೆಯೂ ಸಂಕೇತವೇ ಅಲ್ವಾ? ಅದಿಲ್ಲದೆ ದಾನ ಪೂರ್ತಿ ಆಗುವುದಿಲ್ಲ.

ಸಾಂಚಿಯ ಪೂರ್ವದ ತೋರಣದಲ್ಲಿ, ಅಂದರೆ ಕಲ್ಲಿನ ಹೆಬ್ಬಾಗಿಲಿನಲ್ಲಿ, ಸಿದ್ಧಾರ್ಥ ಮನೆ ಬಿಟ್ಟು ಹೋಗುವ ರಾತ್ರಿ ಇದೆ. ಎಡಕ್ಕೆ ಊರು, ಕೋಟೆ, ಬಾಗಿಲು. ಬಾಗಿಲಿನಿಂದ ಕುದುರೆ ಹೊರಡುತ್ತದೆ. ಜೀನಿನ ಮೇಲೆ ಯಾರೂ ಇಲ್ಲ, ಆದರೆ ಮೇಲೆ ಛತ್ರಿ ಹಿಡಿದಿದ್ದಾರೆ. ಗೊರಸಿನ ಸಪ್ಪಳಕ್ಕೆ ಊರು ಎಚ್ಚರ ಆಗಬಾರದು ಅಂತ ದೇವತೆಗಳು ಕುದುರೆಯ ಕಾಲನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಅದೇ ಕುದುರೆ ಬಲಕ್ಕೆ ಸಾಗುತ್ತ ಮತ್ತೆ ಮತ್ತೆ ಕಾಣುತ್ತದೆ. ಕೊನೆಯಲ್ಲಿ ಬಲತುದಿಗೆ ಒಂದು ಜೋಡಿ ಪಾದದ ಗುರುತು. ಛತ್ರಿ ಈಗ ಅದರ ಮೇಲೆ ಹೋಗಿದೆ. ಸಾರಥಿ ಛಂದಕ ಆ ಪಾದಗಳ ಮುಂದೆ ಮಂಡಿಯೂರಿದ್ದಾನೆ. ಆಮೇಲೆ ಅದೇ ಕುದುರೆ ಊರಿಗೆ ವಾಪಸ್ ಬರುತ್ತಿದೆ. ಈಗ ಅದರ ಮೇಲೆ ಛತ್ರಿ ಇಲ್ಲ.

ಹೋಗುವಾಗಲೂ ಜೀನು ಖಾಲಿ, ಬರುವಾಗಲೂ ಖಾಲಿ. ಎರಡು ಖಾಲಿಗೆ ಎಷ್ಟು ವ್ಯತ್ಯಾಸ! ಒಂದು ಛತ್ರಿ ಎತ್ತಿ ಇಟ್ಟದ್ದರಿಂದ ಅವನು ಹೋದ ಅನ್ನುವ ದುಃಖ ಪೂರ್ತಿ ಕಲ್ಲಿಗೆ ಬಂದಿದೆ. ಬುದ್ಧನ ಮುಖ ಕೆತ್ತಿದ್ದರೆ ಈ ದೃಶ್ಯಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದನ್ನೆಲ್ಲ ಮಾಡಿಸಿದವರು ಯಾರು? ಸಾಂಚಿಯ ದಕ್ಷಿಣ ತೋರಣದ ಮೇಲೆ ಒಂದು ಬರಹ ಇದೆ. ಸಾತಕರ್ಣಿ ರಾಜನ ಶಿಲ್ಪಿಗಳ ಮೇಸ್ತ್ರಿ, ವಾಸಿಷ್ಠಿಯ ಮಗ ಆನಂದನ ದಾನ ಅಂತ. ಅದೇ ತೋರಣದ ಇನ್ನೊಂದು ಕಡೆ ವಿದಿಶೆಯ ದಂತದ ಕೆಲಸದವರು ಕೆತ್ತನೆ ಮಾಡಿದರು ಎಂದಿದೆ. ಆನೆದಂತದ ಮೇಲೆ ಸಣ್ಣ ಕೆಲಸ ಮಾಡಿ ಪಳಗಿದ ಕೈ ಅದು. ಕಲ್ಲಿನಲ್ಲೂ ಅಷ್ಟೇ ಕಿಕ್ಕಿರಿದು, ಅಷ್ಟೇ ನಾಜೂಕಾಗಿ ಕೆತ್ತಿದ್ದಾರೆ. ಸಾತಕರ್ಣಿ ಅಂದರೆ ಸಾತವಾಹನರ ರಾಜ. ಸಾತವಾಹನರು ನಮಗೆ ದೂರದವರಲ್ಲ. ಆದವಾನಿ ಸೀಮೆಯ ಮ್ಯಾಕದೋನಿ ಶಾಸನ ಈ ಭಾಗವನ್ನು ಸಾತವಾಹನಿಹಾರ ಎನ್ನುತ್ತದೆ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವರ ತಾಮ್ರಪಟದಲ್ಲಿ ಸಾತಾಹನಿ ರಟ್ಠ ಎಂದಿದೆ. ಎರಡರ ಅರ್ಥವೂ ಸಾತವಾಹನರ ನಾಡು ಎಂದೇ. ಅವರ ಮೂಲ ನೆಲವೇ ಬಳ್ಳಾರಿ ಸೀಮೆ ಎಂದು ಸುಕ್ಥಣಕರ್ ಎಂಬ ವಿದ್ವಾಂಸರು ವಾದಿಸಿದ್ದರು. ಆ ವಾದ ಎಲ್ಲರೂ ಒಪ್ಪಿದ್ದಲ್ಲ, ಆದರೆ ಸಂಬಂಧ ಅಂತೂ ಗಟ್ಟಿ ಇದೆ.

ಬರೀ ರಾಜರು, ಸಾಹುಕಾರರು ಕೊಟ್ಟ ದಾನ ಎಂದುಕೊಳ್ಳಬೇಡಿ. ಅಮರಾವತಿಯಲ್ಲಿ ವಿಧಿಕ ಎಂಬ ಚರ್ಮದ ಕೆಲಸದವನು ಮನೆಯವರ ಜೊತೆ ಸೇರಿ ಒಂದು ಫಲಕ ಕೊಟ್ಟಿದ್ದಾನೆ. ಅದರ ಮೇಲೆ ಪೂರ್ಣಕುಂಭ ಇದೆ. ಹೊಟ್ಟೆ ಉಬ್ಬಿದ ಕೊಡ, ಬಾಯಿಂದ ಉಕ್ಕಿ ಬರುವ ಕಮಲದ ಹೂವು, ಮೊಗ್ಗು. ಎರಡು ಸಾವಿರ ವರ್ಷದ ಕೆಳಗೆ ಒಬ್ಬ ಚಮ್ಮಾರನ ಹೆಸರು ಸ್ತೂಪದ ಕಲ್ಲಿನ ಮೇಲೆ, ಎಲ್ಲರೂ ಪ್ರದಕ್ಷಿಣೆ ಹಾಕುವ ಜಾಗದಲ್ಲಿ ಇತ್ತು. ಸಣ್ಣವರಿಗೂ ದಕ್ಕುತ್ತದೆ ಎಂದು ಗವಿಮಠದ ಬಂಡೆ ಹೇಳುತ್ತದಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ. ಚಿತ್ತಾಪುರ ತಾಲೂಕು, ಭೀಮಾ ದಂಡೆ. ಪಕ್ಕದ ಸನ್ನತಿಯಲ್ಲಿ ಚಂದ್ರಲಾ ಪರಮೇಶ್ವರಿ ಗುಡಿ ಇದೆ. 1980ರ ದಶಕದಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠದ ಕಲ್ಲು ಹೊರಗೆ ಬಂತು. ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಮೂರ್ತಿ ಕೂರಿಸಲು ನಡುವೆ ಕುಳಿ ತೋಡಿದ್ದರಿಂದ ಒಂದಷ್ಟು ಅಕ್ಷರ ಹೋಗಿದೆ. ಆಮೇಲೆ 1990ರ ದಶಕದಲ್ಲಿ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅಲ್ಲಿನ ಬರಹಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಮಹಾಚೈತ್ಯ ಅಂದರೆ ದೊಡ್ಡ ಸ್ತೂಪ.

ಅಲ್ಲಿನ ಕಲ್ಲು ಭೀಮಾ ತೀರದ ಸುಣ್ಣಕಲ್ಲು. ನಮ್ಮ ಕಡೆ ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ಕೂಡ ಆ ತೀರದ ಸುಣ್ಣಕಲ್ಲೇ. ನಮ್ಮ ಕೊಪ್ಪಳ, ಬಳ್ಳಾರಿಯ ಗ್ರಾನೈಟ್ ಉಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಸುಣ್ಣಕಲ್ಲು ಬಗ್ಗುತ್ತದೆ. ಬಟ್ಟೆಯ ನೆರಿಗೆ, ಕಿವಿಯ ಓಲೆ, ಬೆರಳಿನ ಗೆಣ್ಣು ಎಲ್ಲ ಬರುತ್ತವೆ.

ಅಲ್ಲಿನ ಒಂದು ಫಲಕದಲ್ಲಿ ರಾಜ, ರಾಣಿ ನಿಂತಿದ್ದಾರೆ. ಸುತ್ತ ಸೇವಕಿಯರು, ಒಬ್ಬಳ ಕೈಯಲ್ಲಿ ಛತ್ರಿ, ಇನ್ನೊಬ್ಬಳ ಕೈಯಲ್ಲಿ ಚಾಮರ. ಚಿತ್ರದ ಜೊತೆಗೇ ಬರಹ: 'ರಾಯೋ ಅಸೋಕೋ', ರಾಜ ಅಶೋಕ. ಅಶೋಕ ಸತ್ತು ಶತಮಾನಗಳಾದ ಮೇಲೆ ಕೆತ್ತಿದ್ದು. ಹಾಗಾಗಿ ಅವನ ಮುಖ ಹೀಗೇ ಇತ್ತು ಎಂದು ಹೇಳಲಾಗದು. ಆದರೆ ಭೀಮಾ ತೀರದ ಜನ ಅವನನ್ನು ಮರೆತಿರಲಿಲ್ಲ. ಸಾತವಾಹನ ರಾಜರೂ ಅಲ್ಲಿ ಹೆಸರಿನ ಸಮೇತ ಇದ್ದಾರೆ. ಸಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲ ಅರ್ಪಿಸುವ ಫಲಕ ಇದೆ. ಅದೇ ಸ್ತೂಪದಲ್ಲಿ ಖಾಲಿ ಪೀಠ, ಪಾದದ ಗುರುತುಗಳೂ ಇವೆ, ನಿಂತ ಬುದ್ಧನ ಮೂರ್ತಿಗಳೂ ಇವೆ.

ಹಳೆಯ ಗುರುತು ಹೋಗಿ ಮೂರ್ತಿ ಬಂತು ಎಂದು ಗೆರೆ ಎಳೆದ ಹಾಗೆ ಹೇಳುವ ಪಾಠಕ್ಕೆ ಇದು ಒಗ್ಗುವುದಿಲ್ಲ. ಎರಡೂ ಒಟ್ಟಿಗೇ ಬದುಕಿದವು. ಬದಲಾವಣೆ ಆಯಿತು ನಿಜ. ಅಮರಾವತಿಯ ಒಂದು ಚಪ್ಪಡಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಮಗ್ಗುಲಲ್ಲಿ ಬೋಧಿವೃಕ್ಷ, ಖಾಲಿ ಪೀಠ, ಕೈಮುಗಿದ ಜನ. ಅದು ಕ್ರಿಸ್ತಪೂರ್ವ 1ನೇ ಶತಮಾನದ್ದು. ಕ್ರಿಸ್ತಶಕ 3ನೇ ಶತಮಾನದಲ್ಲಿ ಅದೇ ಕಲ್ಲನ್ನು ತಿರುಗಿಸಿ ಹಿಂದಿನ ಮಗ್ಗುಲಲ್ಲಿ ಹೊಸದಾಗಿ ಕೆತ್ತಿದರು. ಅಲ್ಲಿ ಸ್ತೂಪ, ಅದರ ಬಾಗಿಲಿನಲ್ಲಿ ಬುದ್ಧನೇ ನಿಂತಿದ್ದಾನೆ. ಆದರೆ ಎರಡೂ ಕಡೆ ಒಂದು ಮಾತ್ರ ಬದಲಾಗಿಲ್ಲ: ಸುತ್ತ ಕೈಮುಗಿದವರು.

ಮೂರ್ತಿಗಳ ಬಗ್ಗೆ ಒಂದು ಉಪಯೋಗದ ಮಾತು ಹೇಳುತ್ತೇನೆ. ನಮ್ಮ ಭಾಗದಲ್ಲಿ ಹೊಲದಲ್ಲಿ, ಕೆರೆ ದಂಡೆಯಲ್ಲಿ ಪದ್ಮಾಸನದ ಮೂರ್ತಿ ಸಿಕ್ಕಿದರೆ ಪೇಪರಿನಲ್ಲಿ 'ಬುದ್ಧನ ವಿಗ್ರಹ ಪತ್ತೆ' ಎಂದು ಬರುವುದು ಜಾಸ್ತಿ. ಎಷ್ಟೋ ಸಲ ಅದು ಜಿನ ಮೂರ್ತಿ, ಅಂದರೆ ಜೈನ ತೀರ್ಥಂಕರನದು. ಸುಮ್ನೆ ಹೆಸರು ಇಡುವ ಮೊದಲು ಹತ್ತಿರ ಹೋಗಿ ನೋಡಿ. ಮೈಮೇಲೆ ಬಟ್ಟೆಯ ಗೆರೆ ಇದೆಯಾ? ಕೊರಳಿನಲ್ಲಿ, ಮಣಿಕಟ್ಟಿನಲ್ಲಿ, ಕಾಲಿನ ಗಂಟಿನಲ್ಲಿ ಚೀವರದ, ಎಂದರೆ ಭಿಕ್ಷು ಹೊದೆಯುವ ಬಟ್ಟೆಯ ಅಂಚು ಕಂಡರೆ ಬುದ್ಧ. ದಿಗಂಬರ ಜಿನರಿಗೆ ಅದು ಇರುವುದಿಲ್ಲ. ತಲೆಯ ಮೇಲೆ ಮುಕ್ಕೊಡೆ, ಎಂದರೆ ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಜಿನ. ಉತ್ತರದ ಜಿನ ಮೂರ್ತಿಗಳಿಗೆ ಎದೆಯ ಮೇಲೆ ಶ್ರೀವತ್ಸ ಇರುತ್ತದೆ. ನಮ್ಮ ಕಡೆ ಅದು ಸಾಮಾನ್ಯವಾಗಿ ಇರದು, ಅದನ್ನೇ ನಂಬಿ ಕೂರಬೇಡಿ. ನೆತ್ತಿಯ ಮೇಲೆ ಉಬ್ಬು, ಹುಬ್ಬಿನ ನಡುವೆ ಚುಕ್ಕೆ ಬುದ್ಧನಿಗೆ. ಬಲಗೈ ಮಂಡಿಯ ಮೇಲಿಂದ ಇಳಿದು ನೆಲ ಮುಟ್ಟುತ್ತಿದ್ದರೆ ಅನುಮಾನವೇ ಬೇಡ. ಮಾರ ಬಂದು, ನಿನ್ನ ಸಾಧನೆಗೆ ಸಾಕ್ಷಿ ಯಾರು ಎಂದಾಗ ಬುದ್ಧ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಅದು. ಜಿನರು ಕೂತಾಗ ಎರಡೂ ಕೈ ತೊಡೆಯ ಮೇಲೇ ಇರುತ್ತವೆ. ಇನ್ನು ಹಾವಿನ ಹೆಡೆ ಪಾರ್ಶ್ವನಾಥನಿಗೂ ಇದೆ, ಮುಚಲಿಂದ ನಾಗ ಕಾಯ್ದ ಬುದ್ಧನಿಗೂ ಇದೆ. ಅಲ್ಲಿಯೂ ಬಟ್ಟೆಯ ಗೆರೆಯನ್ನೇ ನೋಡಿ.

ಉಪನ್ಯಾಸ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಅಶೋಕನ ಶಾಸನ ಇಷ್ಟೊಂದು ಇದಾವ, ಮತ್ತ ಬೌದ್ಧ ಶಿಲ್ಪ ನಮ್ಮ ಕಡಿಗೆ ಯಾಕ ಉಳಿದಿಲ್ಲ?" ಒಳ್ಳೆಯ ಪ್ರಶ್ನೆ. ಒಂದು ಕಾರಣ ಅಶೋಕನ ಕಾಲದ್ದು. ಆಗ ಕಟ್ಟಡಕ್ಕೆ ಮರ, ಇಟ್ಟಿಗೆಯೇ ಜಾಸ್ತಿ. ಇನ್ನೊಂದು ಕಾರಣ ಕಲ್ಲಿನದು. ಶಿಲ್ಪಕ್ಕೆ ಒಗ್ಗುವ ಸುಣ್ಣಕಲ್ಲು ಭಟ್ಟಿಗೆ ಹಾಕಿದರೆ ಸುಣ್ಣವಾಗುತ್ತದೆ. ಅಮರಾವತಿಯ ಎಷ್ಟೋ ಶಿಲ್ಪಗಳನ್ನು ಹೀಗೇ ಸುಟ್ಟು ಮನೆ ಕಟ್ಟಿದರು. 1797ರಲ್ಲಿ ಕಾಲಿನ್ ಮೆಕೆಂಜಿ ಎಂಬ ಬ್ರಿಟಿಷ್ ಸರ್ವೇ ಅಧಿಕಾರಿ ಅಲ್ಲಿಗೆ ಹೋದಾಗಲೇ ಊರು ಕಟ್ಟಲು ಸ್ತೂಪದ ಕಲ್ಲು ಕೀಳುತ್ತಿದ್ದರು. ಗ್ರಾನೈಟ್ ಬಂಡೆಯಿಂದ ಸುಣ್ಣ ಬರುವುದಿಲ್ಲ, ಗುಡ್ಡದಿಂದ ಎತ್ತಿಕೊಂಡು ಹೋಗಲೂ ಆಗುವುದಿಲ್ಲ. ಅದಕ್ಕೇ ಗವಿಮಠ, ಮಸ್ಕಿ ಉಳಿದವು. ಹಾಗಂತ ಏನೂ ಇಲ್ಲ ಎಂದಲ್ಲ. ಹಂಪಿಯಲ್ಲಿ ಅಗೆದಾಗ ಕ್ರಿಸ್ತಶಕ 2-3ನೇ ಶತಮಾನದ ಸುಣ್ಣಕಲ್ಲಿನ ಬೌದ್ಧ ಶಿಲ್ಪದ ತುಂಡುಗಳು ಸಿಕ್ಕಿವೆ. ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಹೊತ್ತಿಗೂ ಬೌದ್ಧರ ದೇವತೆ ತಾರಾದೇವಿಯ ಪೂಜೆಗೆ ದಾನ ನಡೆಯುತ್ತಿತ್ತು.

ಗವಿಮಠದ ಶಾಸನ ನೋಡಲು ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ, ನಡು ಮಧ್ಯಾಹ್ನ ಬಂಡೆ ಬರೀ ಬಂಡೆ. ದಯವಿಟ್ಟು ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ನೀರು ಹಾಕಬೇಡಿ. ಮತ್ತೆ ನಿಮ್ಮ ಹೊಲದಲ್ಲಿ, ಗುಡಿ ಕಟ್ಟೆಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಕೆತ್ತನೆ ಇರುವ ಹಳೆಯ ಚಪ್ಪಡಿ ಕಂಡರೆ ಎಣ್ಣೆ, ಬಣ್ಣ ಹಚ್ಚಬೇಡಿ. ಇದ್ದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ, ತಹಶೀಲ್ದಾರ್ ಕಚೇರಿಗೆ ತಿಳಿಸಿ. ಅವರು ಬಂದು ಅದನ್ನು ಎತ್ತಿಸುವಾಗ, ಹಿಂದಿನ ಮಗ್ಗುಲನ್ನೂ ಒಮ್ಮೆ ನೋಡಿ ಎಂದು ನೀವೇ ಹೇಳಿ.